ಮನೆಯ ಸಂಗೀತವೂ ಕಿವಿಯ ಆರೋಗ್ಯವೂ

ಮುಂಬಯಿಗೆ ಬಂದು ನೆಲೆಸಿದ ಕನ್ನಡಿಗರು ಊರಿನಿಂದ ತಂದ ಆಸ್ತಿಯಲ್ಲಿ ಸಂಗೀತವೂ ಒಂದು. ಮುಲುಂಡಿನ ನಮ್ಮವರ ಮನೆಗಳ ಕಪಾಟುಗಳಲ್ಲಿ ಭೀಮಸೇನ ಜೋಶಿಯವರ ದಾಸವಾಣಿ, 1978ರಲ್ಲಿ ಹೊರಬಂದ ‘ನಿತ್ಯೋತ್ಸವ’, 1990ರಲ್ಲಿ ಅಕಾಲಮೃತ್ಯುವಿಗೆ ತುತ್ತಾದ ಗುಂಡ್ಮಿ ಕಾಳಿಂಗ ನಾವಡರ ಯಕ್ಷಗಾನದ ಪದಗಳು ಕ್ಯಾಸೆಟ್ಟುಗಳ ರೂಪದಲ್ಲಿ ಇಂದಿಗೂ ಉಳಿದಿವೆ. ಅವುಗಳ ಪಕ್ಕದಲ್ಲಿ, ಯಾವ ಅಂಗಡಿಯಲ್ಲೂ ಸಿಗದ, ಅಜ್ಜಿಯ ಹಸೆಯ ಹಾಡುಗಳನ್ನೋ ಮಗಳ ಮೊದಲ ಕಚೇರಿಯನ್ನೋ ತುಂಬಿಕೊಂಡ ಒಂದೆರಡು ಸುರುಳಿಗಳೂ ಇರುತ್ತವೆ. ಈ ಭಂಡಾರವನ್ನು ಹೇಗೆ ಉಳಿಸಬೇಕು, ಹೇಗೆ ಕೇಳಬೇಕು ಎಂಬುದು ಕೇವಲ ಹವ್ಯಾಸದ ಪ್ರಶ್ನೆಯಲ್ಲ. ಆರೋಗ್ಯಕ್ಕೂ ಕುಟುಂಬಜೀವನಕ್ಕೂ ಸಂಬಂಧಿಸಿದ ಪ್ರಶ್ನೆ.

ಮನೆಯಿಂದ ಸಂಗೀತವನ್ನು ತಂತಿಯಿಲ್ಲದೆ ಕಳುಹಿಸುವ ಕಲ್ಪನೆ ಕನ್ನಡಿಗರಿಗೆ ಹೊಸತೇನಲ್ಲ. 1935ರಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಪುಟ್ಟ ಪ್ರೇಷಕವನ್ನು ಸ್ಥಾಪಿಸಿ, ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ಪ್ರಸಾರವನ್ನಾರಂಭಿಸಿದರು. ಮುಂದೆ ಆ ಹೆಸರೇ ಇಡೀ ದೇಶದ ಬಾನುಲಿಗೆ ಬಂದಿತು. ಅಂದು ಒಂದು ಮನೆಯಿಂದ ಊರಿಗೆ ಹರಿದ ನಾದ ಇಂದು ಹಾಲಿನಿಂದ ಅಡುಗೆಮನೆಗೆ ಹರಿಯುತ್ತಿದೆ. ದೂರ ಕಡಿಮೆಯಾಗಿದೆ, ಒಯ್ಯುವ ವಾಹನ ಮಾತ್ರ ಅದೇ ರೇಡಿಯೋ ಅಲೆ.

ಇದರ ವ್ಯವಸ್ಥೆ ಜಟಿಲವಾದುದಲ್ಲ. ಹಾಡುಗಳನ್ನೆಲ್ಲ ಒಂದು ಕಂಪ್ಯೂಟರಿನಲ್ಲಿ ಸಂಗ್ರಹಿಸಿಡಬೇಕು. ಮನೆಯ ವೈಫೈ ರೌಟರು ಅವನ್ನು ಕೋಣೆಗಳಲ್ಲಿರುವ ವೈಫೈ ಸ್ಪೀಕರುಗಳಿಗೆ ತಲುಪಿಸುತ್ತದೆ. ಹಾಡುಗಳು ಮನೆಯಲ್ಲೇ ಇರುವುದರಿಂದ, ಸೂಕ್ತ ಉಪಕರಣಗಳನ್ನು ಆರಿಸಿಕೊಂಡರೆ ಅಂತರ್ಜಾಲದ ಸಂಪರ್ಕ ಕಡಿದ ದಿನವೂ ಸಂಗೀತ ನಿಲ್ಲದು. ವೈಫೈಯ 2.4 ಗಿಗಾಹರ್ಟ್ಸ್ ಅಲೆ ಗೋಡೆಗಳನ್ನು ಹೆಚ್ಚು ಸುಲಭವಾಗಿ ದಾಟುತ್ತದೆ. 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ವ್ಯಾಪ್ತಿ ಕಡಿಮೆ. ನಮ್ಮ ಕಟ್ಟಡಗಳ ಕಾಂಕ್ರೀಟು ಗೋಡೆಗಳೂ ಕಬ್ಬಿಣದ ಕಪಾಟುಗಳೂ ಈ ಅಲೆಗಳಿಗೆ ಅಡ್ಡಿಯಾಗುವುದರಿಂದ, ರೌಟರನ್ನು ಮನೆಯ ಮಧ್ಯಭಾಗದಲ್ಲಿ ತುಸು ಎತ್ತರದಲ್ಲಿರಿಸುವುದು ಮೇಲು.

ಎರಡು ಕೋಣೆಗಳ ಮನೆಗೆ ಈ ಆಡಂಬರವೇಕೆ, ಹಾಲಿನ ಪೆಟ್ಟಿಗೆಯ ಧ್ವನಿಯನ್ನು ಏರಿಸಿದರೆ ಸಾಲದೇ ಎಂದು ಕೆಲವರು ಕೇಳಬಹುದು. ನನ್ನ ವಾದ ಆರಂಭವಾಗುವುದೇ ಇಲ್ಲಿಂದ. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಾಗ ಧ್ವನಿ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. ಮನೆಯಲ್ಲಿ ಗೋಡೆಬಾಗಿಲುಗಳ ತಡೆಯೂ ಅದಕ್ಕೆ ಸೇರುತ್ತದೆ. ಕುಕ್ಕರಿನ ಸೀಟಿಯ ನಡುವೆ ಅಡುಗೆಮನೆಯಲ್ಲಿರುವವರಿಗೆ ಕೇಳಿಸಬೇಕೆಂದು ಹಾಲಿನಲ್ಲಿ ಧ್ವನಿಯೇರಿಸಿದರೆ, ಹಾಲಿನಲ್ಲಿ ಕುಳಿತವರ ಕಿವಿಗೆ ಅದು ಶಿಕ್ಷೆ, ಗೋಡೆಯಾಚೆಯ ನೆರೆಯವರಿಗೆ ಉಪದ್ರವ. ಒಂದು ಅಬ್ಬರದ ಪೆಟ್ಟಿಗೆ ಮಾಡಲಾರದ ಕೆಲಸವನ್ನು ಕೇಳುವವರ ಸಮೀಪದಲ್ಲಿರುವ ಮೂರು ಮೆಲುದನಿಯ ಪೆಟ್ಟಿಗೆಗಳು ಮಾಡುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 80 ಡೆಸಿಬೆಲ್ ಮಟ್ಟದ ಧ್ವನಿಯನ್ನು ವಾರಕ್ಕೆ 40 ಗಂಟೆಗಳವರೆಗೆ ಕೇಳಬಹುದು. ಮಟ್ಟ 90ಕ್ಕೇರಿದರೆ ಆ ಅವಧಿ 4 ಗಂಟೆಗಳಿಗೆ ಇಳಿಯುತ್ತದೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿಯನ್ನು ವಿಧಿಸಿವೆ. ಲೋಕಲ್ ರೈಲು, ವಾಹನಗಳ ಹಾರ್ನು, ಕಟ್ಟಡ ಕಾಮಗಾರಿ ಇವುಗಳಿಂದ ದಿನವಿಡೀ ಬಳಲಿದ ಕಿವಿಗೆ ಮನೆಯಾದರೂ ವಿಶ್ರಾಂತಿಯ ತಾಣವಾಗಬೇಡವೇ?

ವೃದ್ಧರ ವಿಷಯ ಇನ್ನೂ ಮುಖ್ಯವಾದುದು. ಊರಿನ ಜಗಲಿಯನ್ನೂ ಬಂಧುಬಳಗವನ್ನೂ ಬಿಟ್ಟು ಮಕ್ಕಳೊಡನೆ ಇರಲು ಬಂದ ತಂದೆತಾಯಿಗಳಿಗೆ ಇಲ್ಲಿನ ಹಗಲು ಬಹಳ ದೀರ್ಘ. ಅವರ ಮಂಚದ ಬಳಿ ಒಂದು ಸ್ಪೀಕರನ್ನಿಟ್ಟು, ಬೆಳಗ್ಗೆ ದೇವರನಾಮವೋ ಮಧ್ಯಾಹ್ನ ತಾಳಮದ್ದಳೆಯೋ ಕೇಳುವಂತೆ ಮಾಡುವುದು ದೊಡ್ಡ ಸೇವೆ. ವಯಸ್ಸಾದಂತೆ ಎತ್ತರದ ಶ್ರುತಿಯ ಧ್ವನಿಗಳು ಮೊದಲು ಮಾಸುತ್ತವೆ. ಹಾಡು ಕೇಳಿಸಿದರೂ ಸಾಹಿತ್ಯ ಸ್ಪಷ್ಟವಾಗುವುದಿಲ್ಲ. ಅದಕ್ಕೆ ಧ್ವನಿಯೇರಿಸುವುದು ಮದ್ದಲ್ಲ. ಸ್ಪೀಕರನ್ನು ಹತ್ತಿರಕ್ಕೆ ತರಬೇಕು, ಶ್ರವಣ ಪರೀಕ್ಷೆ ಮಾಡಿಸಬೇಕು. ಮೊಬೈಲಿನ ಪರದೆಯನ್ನು ತಡವುವ ಗೋಜಿಲ್ಲದೆ ಒಂದು ಗುಂಡಿಯನ್ನೊತ್ತಿದರೆ ಹಾಡುವಂತಹ ಏರ್ಪಾಡು ಅವರಿಗೆ ಹಿತ.

ತಿಂಗಳ ಚಂದಾ ಕೊಟ್ಟರೆ ಲಕ್ಷಾಂತರ ಹಾಡುಗಳು ಫೋನಿನಲ್ಲೇ ದೊರೆಯುವಾಗ ಸ್ವಂತ ಭಂಡಾರವೇಕೆ ಎಂಬ ಯುವಕರ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಹೊಸ ಹಾಡುಗಳನ್ನು ಅರಸುವವರಿಗೆ ಅದೇ ಸುಲಭ ಮಾರ್ಗ. ಆದರೆ ಚಂದಾ ನಿಂತರೆ ಆ ಸೌಕರ್ಯವೂ ನಿಲ್ಲುತ್ತದೆ. ಹಕ್ಕಿನ ಒಪ್ಪಂದ ಮುಗಿದರೆ ಹಾಡೇ ಪಟ್ಟಿಯಿಂದ ಕಾಣೆಯಾಗುತ್ತದೆ. ಅಜ್ಜಿಯ ಹಸೆಯ ಹಾಡಂತೂ ಅಲ್ಲಿ ಎಂದಿಗೂ ಇರುವುದಿಲ್ಲ.

ಆದ್ದರಿಂದ ಕ್ಯಾಸೆಟ್ಟುಗಳ ಪರಿವರ್ತನೆಯನ್ನು ಮುಂದೂಡಬಾರದು. ಟೇಪಿನ ಮೇಲಿನ ಕಾಂತೀಯ ಲೇಪವನ್ನು ಹಿಡಿದಿಡುವ ಅಂಟು ತೇವದಿಂದ ಸಡಿಲಗೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ಮುಂಬಯಿಯ ಪ್ರತಿಯೊಂದು ಮಳೆಗಾಲವೂ ಅದರ ಆಯುಸ್ಸನ್ನು ಕೊರೆಯುತ್ತದೆ. ಟೇಪ್‌ರೆಕಾರ್ಡರನ್ನು ಕಂಪ್ಯೂಟರಿಗೆ ಜೋಡಿಸಿ, ನುಡಿಸುತ್ತ ನುಡಿಸುತ್ತ ಮುದ್ರಿಸಿಕೊಳ್ಳಬೇಕು. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು. ಇದಕ್ಕೆ ತಾಳ್ಮೆಯೊಂದೇ ಬಂಡವಾಳ. 128 ಕಿಲೋಬಿಟ್ ದರದ ಎಂಪಿ3 ರೂಪದಲ್ಲಿ ಇಂತಹ ಒಂದು ಕ್ಯಾಸೆಟ್ಟು ಸುಮಾರು 86 ಮೆಗಾಬೈಟ್ ಆಗುತ್ತದೆ; ನೂರು ಕ್ಯಾಸೆಟ್ಟುಗಳು 16 ಗಿಗಾಬೈಟಿನ ಪೆನ್‌ಡ್ರೈವಿನಲ್ಲಿ ಸೇರುತ್ತವೆ. ಮನೆಯ ಅಪೂರ್ವ ಮುದ್ರಣಗಳನ್ನಾದರೂ ಗುಣಮಟ್ಟವನ್ನು ಕುಗ್ಗಿಸದ ಫ್ಲ್ಯಾಕ್ ರೂಪದಲ್ಲಿಡುವುದು ಲೇಸು. ಹಾಡಿದವರ ಹೆಸರು, ಊರು, ಇಸವಿಗಳನ್ನು ಬರೆದಿಟ್ಟು, ಎರಡನೆಯ ಪ್ರತಿಯೊಂದನ್ನು ಬೇರೆ ಮನೆಯಲ್ಲಿರಿಸಬೇಕು. ಕನ್ನಡ ಸಂಘಗಳು ವರ್ಷಕ್ಕೊಂದು ಭಾನುವಾರವನ್ನು ಈ ಕಾರ್ಯಕ್ಕೆ ಮೀಸಲಿಟ್ಟು, ತಿಳಿದ ಯುವಕರಿಂದ ಹಿರಿಯರಿಗೆ ನೆರವು ಕೊಡಿಸಿದರೆ ಅದು ನಿಜವಾದ ಕನ್ನಡದ ಕೆಲಸವಾದೀತು.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ಕೋಣೆಗೊಂದು ಸ್ಪೀಕರು ಬಂದಾಗ ಕೋಣೆಗೊಂದು ಪ್ರಪಂಚವೂ ಹುಟ್ಟಬಹುದು. ಮಗನಿಗೊಂದು ಹಾಡು, ಸೊಸೆಗೊಂದು, ಅಜ್ಜನಿಗೊಂದು ಎಂದಾದರೆ ಒಂದೇ ಸೂರಿನಡಿ ನಾಲ್ಕು ಮನೆಗಳಾಗುತ್ತವೆ. ಎಲ್ಲ ಕೋಣೆಗಳಲ್ಲೂ ಒಂದೇ ಹಾಡನ್ನು ಏಕಕಾಲಕ್ಕೆ ನುಡಿಸುವ ಸಾಮರ್ಥ್ಯ ಇಂತಹ ಅನೇಕ ಉಪಕರಣಗಳಿಗಿದೆ. ದಿನಕ್ಕೆ ಅರ್ಧ ಗಂಟೆಯಾದರೂ ಅದನ್ನು ಬಳಸಿಕೊಳ್ಳೋಣ. ಆ ಅರ್ಧ ಗಂಟೆಯಲ್ಲಿ ಮುಂಬಯಿಯಲ್ಲೇ ಹುಟ್ಟಿ ಬೆಳೆದ ಮಕ್ಕಳ ಕಿವಿಗೆ ಕನ್ನಡದ ನಾಲ್ಕು ಪದಗಳು ಬೀಳುತ್ತವೆ. ಓದಲು ಬರೆಯಲು ಬಾರದ ಮಗುವಿಗೂ ಭಾಷೆ ತಲುಪುವುದು ಮೊದಲು ಕಿವಿಯಿಂದಲೇ. ಆ ಕಿವಿಯನ್ನು ಕಾಪಾಡುವುದೂ, ಅದಕ್ಕೆ ಕೇಳಲು ಯೋಗ್ಯವಾದುದನ್ನು ಒದಗಿಸುವುದೂ ಹಿರಿಯರಾದ ನಮ್ಮೆಲ್ಲರ ಕರ್ತವ್ಯ.