ಹಳೆಯ ಡೀಸೆಲ್ ಕಾರಿನ ದುರ್ವಾಸನೆ

ಹಸಿಯ ಸೌದೆಯನ್ನು ಒಲೆಗೆ ತುಂಬಿದರೆ ಅಡಿಗೆಯ ಮನೆಯಲ್ಲೆಲ್ಲ ಕಣ್ಣು ಉರಿಸುವ ಹೊಗೆ ಏಳುತ್ತದೆ. ಅದೇ ಸೌದೆಯು ಚೆನ್ನಾಗಿ ಒಣಗಿದ್ದು, ಊದುಕೊಳವೆಯಿಂದ ಸಾಕಷ್ಟು ಗಾಳಿಯೂ ದೊರೆತರೆ ಉರಿಯು ಹತ್ತಿಕೊಂಡು ಹೊಗೆಯು ಅಡಗುತ್ತದೆ. ಹಳೆಯ ಡೀಸೆಲ್ ಕಾರಿನ ಹಿಂದೆ ನಿಂತವರ ಮೂಗಿಗೆ ಬಡಿಯುವ ದುರ್ವಾಸನೆಯ ರಹಸ್ಯವೂ ಇದಕ್ಕಿಂತ ಬೇರೆಯಲ್ಲ. ಎಣ್ಣೆಯು ಅರ್ಧ ಉರಿದು ಅರ್ಧ ಉಳಿಯಿತೆಂಬುದಕ್ಕೆ ಆ ವಾಸನೆಯೇ ಸಾಕ್ಷಿ. ಇದನ್ನರಿಯದೆ ಅನೇಕರು ಕಾರಿನೊಳಗೆ ಸುಗಂಧದ ಪುಟ್ಟ ಶೀಶೆಯೊಂದನ್ನು ತೂಗುಹಾಕಿ ಸಮಾಧಾನಪಡುತ್ತಾರೆ. ರೋಗಿಯ ಕೆಮ್ಮು ಕೇಳಿಸದಂತೆ ಬಾಗಿಲು ಮುಚ್ಚಿದರೆ ರೋಗವು ಗುಣವಾಗುವುದೆ?

ಡೀಸೆಲ್ ಇಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇರುವುದಿಲ್ಲ. ರುಡಾಲ್ಫ್ ಡೀಸೆಲ್ ಎಂಬ ಇಂಜಿನಿಯರು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ 1897ರಲ್ಲಿ ನಡೆಸಿ ತೋರಿಸಿದ ಯಂತ್ರದ ತತ್ತ್ವವೇ ಇಂದಿಗೂ ಉಳಿದಿದೆ. ಸಿಲಿಂಡರಿನೊಳಗಿನ ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ. ಕಾದ ಗಾಳಿಗೆ ಎಣ್ಣೆಯನ್ನು ಸಿಂಪಡಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಡೀಸೆಲ್ ಅಂಬಾಸಡರ್, 1998ರ ಕೊನೆಯಲ್ಲಿ ಹೊರಬಂದ ಟಾಟಾ ಇಂಡಿಕಾದ ಮೊದಲ ಮಾದರಿ, ಇಂತಹ ಹಳೆಯ ಕಾರುಗಳಲ್ಲಿ ಗಾಳಿಯು ತನ್ನ ಗಾತ್ರದ ಸುಮಾರು 20ರಲ್ಲಿ ಒಂದು ಪಾಲಿಗೆ ಕುಗ್ಗಿ, 500 ಡಿಗ್ರಿ ಸೆಂಟಿಗ್ರೇಡನ್ನೂ ಮೀರಿ ಕಾಯುತ್ತದೆ. ಗಾಳಿಯು ಸಾಲದಿದ್ದರೆ, ಶಾಖವು ಸಾಲದಿದ್ದರೆ, ಎಣ್ಣೆಯು ಮಂಜಿನಂತೆ ಹರಡದೆ ಹನಿಹನಿಯಾಗಿ ಬಿದ್ದರೆ, ಸಿಂಪಡಿಸುವ ವೇಳೆಯು ತಪ್ಪಿದರೆ ದಹನವು ಪೂರ್ಣವಾಗುವುದಿಲ್ಲ. ಆಗ ಫಾರ್ಮಾಲ್ಡಿಹೈಡ್, ಅಕ್ರೋಲೀನ್ ಮೊದಲಾದ ತೀಕ್ಷ್ಣ ಪದಾರ್ಥಗಳು ಉಳಿದು, ಹೊಗೆಯೊಡನೆ ಹೊರಬೀಳುತ್ತವೆ. ಹಸಿ ಸೌದೆಯ ಹೊಗೆಯಲ್ಲಿ ಕಣ್ಣೀರು ತರಿಸುವವೂ ಇವೇ.

ಹಿಂದೆ ಈ ಅಪವಾದದಲ್ಲಿ ಎಣ್ಣೆಗೂ ದೊಡ್ಡ ಪಾಲಿತ್ತು. ಅದರೊಳಗಿನ ಗಂಧಕವು ಉರಿದು ಘಾಟನ್ನು ಹೆಚ್ಚಿಸುತ್ತಿತ್ತು. ಭಾರತ್ ಹಂತ 3ರ ಡೀಸೆಲಿನಲ್ಲಿ ಹತ್ತು ಲಕ್ಷ ಭಾಗಕ್ಕೆ 350 ಭಾಗದವರೆಗೆ ಗಂಧಕವಿರಬಹುದಾಗಿತ್ತು. 4ನೆಯ ಹಂತದಲ್ಲಿ ಅದು 50ಕ್ಕೆ ಇಳಿಯಿತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ 6ನೆಯ ಹಂತದಲ್ಲಿ 10ಕ್ಕೆ ಇಳಿದಿದೆ. ಆದುದರಿಂದ ಇಂದು ಹಳೆಯ ಕಾರು ನಾರುತ್ತಿದ್ದರೆ ಎಣ್ಣೆಯನ್ನು ಬೈದು ಪ್ರಯೋಜನವಿಲ್ಲ. ದೋಷವನ್ನು ಬಹುಮಟ್ಟಿಗೆ ಇಂಜಿನಿನಲ್ಲಿಯೇ ಹುಡುಕಬೇಕು.

ಹುಡುಕುವುದಕ್ಕೆ ಕಣ್ಣು ಮೂಗುಗಳೇ ಮೊದಲ ಉಪಕರಣಗಳು. ಬೆಳಗಿನ ಚಳಿಯಲ್ಲಿ ಕಾರನ್ನು ಚಾಲೂ ಮಾಡಿದಾಗ ಮಾತ್ರ ಬಿಳಿಯ ಹೊಗೆಯೂ ಘಾಟೂ ಬಂದು, ಇಂಜಿನು ಕಾದೊಡನೆ ಮಾಯವಾದರೆ, ಕೋಷ್ಠವನ್ನು ಮೊದಲೇ ಕಾಯಿಸುವ ಗ್ಲೋ ಪ್ಲಗ್ಗುಗಳ ಮೇಲೆ ಸಂಶಯ ಪಡಬೇಕು. ನಾಲ್ಕರಲ್ಲಿ ಒಂದು ಕೆಟ್ಟರೂ ಆ ಒಂದು ಸಿಲಿಂಡರಿನ ಎಣ್ಣೆಯು ಉರಿಯದೆ ಹೊರಬರುತ್ತದೆ. ದಾರಿಯ ಏರಿನಲ್ಲಿ ಕಪ್ಪು ಹೊಗೆ ಬಂದರೆ ಗಾಳಿ ಕಡಿಮೆಯಾಗಿದೆ, ಇಲ್ಲವೆ ಎಣ್ಣೆ ಹೆಚ್ಚಾಗಿದೆ ಎಂದರ್ಥ. ನೀಲಿಯ ಹೊಗೆಯು ಕೀಲೆಣ್ಣೆ ಉರಿಯುತ್ತಿರುವುದರ ಗುರುತು. ಪಿಸ್ಟನ್ನಿನ ರಿಂಗುಗಳೊ ವಾಲ್ವಿನ ಸೀಲುಗಳೊ ಸವೆದಿರಬಹುದು. ಇಂಜಿನು ಕಾದ ಮೇಲೂ ಬಿಳಿಯ ಹೊಗೆ ನಿಲ್ಲದೆ, ಅದಕ್ಕೆ ಸಿಹಿಯಾದ ವಾಸನೆಯಿದ್ದರೆ ರೇಡಿಯೇಟರಿನ ದ್ರವವು ಸಿಲಿಂಡರಿಗೆ ಸೇರುತ್ತಿದೆಯೆ ಎಂದು ಕೂಡಲೆ ಪರೀಕ್ಷಿಸಬೇಕು. ಹೊಗೆಯೇ ಇಲ್ಲದೆ ಹಸಿಯ ಡೀಸೆಲಿನ ವಾಸನೆ ಬಂದರೆ ಎಲ್ಲಿಯೋ ಕೊಳವೆಯಿಂದ ಎಣ್ಣೆ ಜಿನುಗುತ್ತಿದೆ. ಇಂಜೆಕ್ಟರುಗಳಿಂದ ಟ್ಯಾಂಕಿಗೆ ಹಿಂದಿರುಗುವ ಸಣ್ಣ ರಬ್ಬರಿನ ನಳಿಕೆಗಳು ಹಳೆಯದಾದಂತೆ ಬಿರಿಯುವುದು ಸಾಮಾನ್ಯ.

ಚಿಕಿತ್ಸೆಯನ್ನು ಅಗ್ಗದ ಕೆಲಸದಿಂದ ಆರಂಭಿಸುವುದೇ ವಿವೇಕ. ಮೊದಲು ಗಾಳಿಯ ಸೋಸುಕವನ್ನು ಬದಲಾಯಿಸಬೇಕು. ಧೂಳು ತುಂಬಿದ ಸೋಸುಕವು ಇಂಜಿನಿನ ಮೂಗು ಹಿಡಿದಂತೆ. ಅನಂತರ ಡೀಸೆಲ್ ಸೋಸುಕ, ಗ್ಲೋ ಪ್ಲಗ್ಗು, ನಳಿಕೆಗಳು. ಇಂಜಿನಿನ ನೀರು ಎಷ್ಟು ಹೊತ್ತಾದರೂ ಕಾಯದಿದ್ದರೆ ಥರ್ಮೋಸ್ಟಾಟ್ ತೆರೆದೇ ನಿಂತಿರಬಹುದು; ತಣ್ಣಗಿರುವ ಇಂಜಿನು ಸದಾ ವಾಸನೆ ಬೀರುತ್ತದೆ. ಇಷ್ಟಾದ ಮೇಲೂ ಗುಣ ಕಾಣದಿದ್ದರೆ ಇಂಜೆಕ್ಟರುಗಳನ್ನು ಬಿಚ್ಚಿಸಿ ಪರೀಕ್ಷಾಯಂತ್ರದಲ್ಲಿ ಸಿಂಪಡಿಸಿ ನೋಡಬೇಕು. ಒಳ್ಳೆಯ ನಾಝಲು ಎಣ್ಣೆಯನ್ನು ನವಿರಾದ ಮಂಜಿನಂತೆ ಚಿಮ್ಮಿಸುತ್ತದೆ, ಕೆಟ್ಟದು ಹನಿಯಿಕ್ಕುತ್ತದೆ. ಈ ಕೆಲಸವನ್ನು ಅನುಭವಸ್ಥರಿಗೇ ಬಿಡುವುದು ಕ್ಷೇಮ. ವಾತಾವರಣದ ನೂರು ಪಟ್ಟಿಗೂ ಮಿಗಿಲಾದ ಒತ್ತಡದಲ್ಲಿ ಚಿಮ್ಮುವ ಆ ಎಣ್ಣೆಯು ಕೈಯ ಚರ್ಮವನ್ನು ಭೇದಿಸಿ ಒಳಹೊಕ್ಕು ಅಂಗಕ್ಕೇ ಅಪಾಯ ತರಬಲ್ಲದು. ಪಂಪಿನ ವೇಳೆಯನ್ನು ಸರಿಪಡಿಸುವುದೂ ಅವರದೇ ಕೆಲಸ. ಕೊನೆಗೆ ಸಿಲಿಂಡರುಗಳ ಒತ್ತಡವನ್ನು ಅಳೆಯಿಸಬೇಕು. ಅದು ಕುಗ್ಗಿದ್ದರೆ ಹೊಸ ಇಂಜೆಕ್ಟರು ಹಾಕಿಸಿದರೂ ಹಣ ವ್ಯರ್ಥ. ಇಂಜಿನನ್ನೇ ಬಿಚ್ಚಿ ದುರಸ್ತಿ ಮಾಡಿಸಬೇಕಾಗುತ್ತದೆ.

ನಡೆಸುವ ರೀತಿಯಿಂದಲೂ ವಾಸನೆಯು ಹೆಚ್ಚುಕಡಿಮೆಯಾಗುತ್ತದೆ. ಬೆಳಿಗ್ಗೆ ಮನೆಯ ಮುಂದೆ ಹತ್ತು ನಿಮಿಷ ಇಂಜಿನನ್ನು ಸುಮ್ಮನೆ ಓಡಿಸಿ "ಕಾಯಿಸುವ" ರೂಢಿ ಅನೇಕರಲ್ಲಿದೆ. ಹೊರೆಯಿಲ್ಲದ ಡೀಸೆಲ್ ಇಂಜಿನು ಕಾಯುವುದೇ ನಿಧಾನ. ಅಷ್ಟು ಹೊತ್ತೂ ಬೀದಿಗೆಲ್ಲ ಘಾಟು. ಅರ್ಧ ನಿಮಿಷದ ಅನಂತರ ಮೆಲ್ಲಗೆ ಹೊರಟರೆ ಇಂಜಿನೂ ಬೇಗ ಕಾಯುವುದು, ನೆರೆಯವರೂ ಹರಸುವರು. ನಿತ್ಯವೂ ಒಂದೆರಡು ಮೈಲಿ ಮಾತ್ರ ಓಡುವ ಕಾರಿಗೆ ಆಗಾಗ ದೂರದ ಓಟವೊಂದು ಹಿತ. ಎಣ್ಣೆಗೆ ಸೀಮೆಎಣ್ಣೆ ಬೆರೆಸುವ ಹಳೆಯ ಉಪಾಯವನ್ನು ಮಾತ್ರ ಬಿಡಬೇಕು; ಅದರಿಂದ ಜಾರುಗುಣವು ತಗ್ಗಿ, ಎಣ್ಣೆಯಿಂದಲೇ ನುಣುಪನ್ನು ಪಡೆಯುವ ಪಂಪು ಸವೆಯುತ್ತದೆ.

ವಾಸನೆಯು ಕಾರಿನ ಒಳಗೇ ಬರುತ್ತಿದ್ದರೆ ವಿಷಯವು ಇನ್ನೂ ಗಂಭೀರ. ಹೊಗೆಯ ಕೊಳವೆ ಇಂಜಿನಿಗೆ ಕೂಡುವಲ್ಲಿಯ ಗ್ಯಾಸ್ಕೆಟ್ಟು ಸೀಳಿರಬಹುದು. ನೆಲದ ತಗಡು ತುಕ್ಕು ಹಿಡಿದು ತೂತಾಗಿರಬಹುದು. ಹಿಂಬಾಗಿಲಿನ ರಬ್ಬರು ಒಣಗಿ ಕುಗ್ಗಿರಬಹುದು. ಕಿಟಕಿ ತೆರೆದು ಸಾಗುವುದು ಅಂದಿನ ಮಟ್ಟಿನ ಉಪಾಯವೇ ಹೊರತು ಪರಿಹಾರವಲ್ಲ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನನ್ನು ಎಂದಿಗೂ ಓಡಿಸಬಾರದು.

ಮುಖ್ಯವಾದ ಮಾತು ಇನ್ನೊಂದಿದೆ. ವಾಸನೆ ಹೋಯಿತೆಂದರೆ ವಿಷ ಹೋಯಿತೆಂದಲ್ಲ. ಡೀಸೆಲ್ ಹೊಗೆಯು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಸಾರಿತು. ಅದರ ಅತಿ ಸೂಕ್ಷ್ಮ ಮಸಿಯು ಕಣ್ಣಿಗೆ ಕಾಣದು. ನೈಟ್ರೋಜನ್ ಆಕ್ಸೈಡುಗಳು ಚೆನ್ನಾಗಿ ಉರಿಯುವ ಇಂಜಿನಿನಲ್ಲಿಯೂ ಹುಟ್ಟುತ್ತವೆ. ಹೊಗೆ ತಪಾಸಣೆಯ ಪ್ರಮಾಣಪತ್ರವೂ ಪೂರ್ಣ ಅಭಯವಲ್ಲ. ಹಳೆಯ ಡೀಸೆಲ್ ಕಾರುಗಳಲ್ಲಿ ಆ ಪರೀಕ್ಷೆಯು ಹೊಗೆಯು ಎಷ್ಟು ಬೆಳಕನ್ನು ತಡೆಯುತ್ತದೆಂಬುದನ್ನು ಅಳೆಯುತ್ತದೆಯೇ ಹೊರತು ಘಾಟನ್ನಲ್ಲ. ಪತ್ರವು ಕೈಯಲ್ಲಿದ್ದರೂ ಕಾರು ನಾರಬಹುದು.

ಕಾರಿನ ಹೊಗೆಯ ಕೊಳವೆ ಹಿಂದಕ್ಕೆ ಚಾಚಿದೆ. ಕಾರಿನ ಯಜಮಾನನು ಮುಂದೆ ಕುಳಿತು ಸಾಗುತ್ತಾನೆ. ಹೊಗೆಯನ್ನು ಕುಡಿಯುವವರು ಹಿಂದಿನ ಸೈಕಲ್ಲಿನವರು, ಬಸ್ಸಿಗೆ ಕಾದವರು, ಶಾಲೆಯ ಬಾಗಿಲಲ್ಲಿ ನಿಂತ ಮಕ್ಕಳು. ಆ ಕೊಳವೆಯ ಎತ್ತರಕ್ಕೆ ಹೆಚ್ಚು ಹತ್ತಿರವಾದುದು ಮಗುವಿನ ಮುಖವೇ. ಆದಕಾರಣ ದುರ್ವಾಸನೆಯನ್ನು ಶತ್ರುವೆಂದಲ್ಲ, ಎಚ್ಚರಿಸಲು ಬಂದ ದೂತನೆಂದು ತಿಳಿದು ಅದರ ಮಾತಿಗೆ ಕಿವಿಗೊಡಬೇಕು. ದುರಸ್ತಿಯಿಂದ ಗುಣವಾಗುವ ಕಾರಿಗೆ ದುರಸ್ತಿ ಮಾಡಿಸಬೇಕು. ಎಲ್ಲವನ್ನೂ ಮಾಡಿಸಿದ ಮೇಲೂ ಗುಣವಾಗದೆಂದು ಕಂಡರೆ, ಎಷ್ಟೇ ಮಮತೆಯ ಕಾರಾದರೂ ಅದಕ್ಕೆ ವಿಶ್ರಾಂತಿ ಕೊಡುವುದೇ ಧರ್ಮ.