ಕೆಜಿಎಫ್ ಪ್ರೇತನಗರ ಅಲ್ಲ ಸ್ವಾಮಿ, ಅಲ್ಲಿ ಜನ ಇದ್ದಾರೆ

ಪೋಸ್ಟ್ ಉದ್ದ ಇದೆ, ಪುರುಸೊತ್ತಲ್ಲಿ ಓದಿ.

ಕೆಜಿಎಫ್ ಬಗ್ಗೆ ಬರೋ ಯೂಟ್ಯೂಬ್ ವಿಡಿಯೊಗಳದ್ದೆಲ್ಲ ಒಂದೇ ಅಚ್ಚು. ಮೊದಲು ಡ್ರೋನಿಂದ ಸೈನೈಡ್ ಗುಡ್ಡ, ಆಮೇಲೆ ತುಕ್ಕು ಹಿಡಿದ ಶಾಫ್ಟು, ಪಾಳುಬಿದ್ದ ದೊರೆಗಳ ಬಂಗಲೆ, ಹಿಂದುಗಡೆ ಸಿನಿಮಾ ಮ್ಯೂಸಿಕ್ಕು. ಒಂದು ಕಾಲದ 'ಮಿನಿ ಇಂಗ್ಲೆಂಡ್', ಈಗ 'ಪ್ರೇತನಗರ' ಅಂತ ಮುಗಿಸಿಬಿಡ್ತಾರೆ.

2011ರ ಜನಗಣತಿಯಲ್ಲಿ ರಾಬರ್ಟ್‌ಸನ್‌ಪೇಟೆ ನಗರಸಭೆ ವ್ಯಾಪ್ತಿಯ ಜನಸಂಖ್ಯೆ 1,62,230. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಅಂದ್ರೆ ಮುಚ್ಚಿ ಹತ್ತು ವರ್ಷ ಆದಮೇಲೆ ಎಣಿಸಿದ ತಲೆಗಳಿವು. ಒಂದೂವರೆ ಲಕ್ಷಕ್ಕೂ ಮಿಕ್ಕಿದ ಪ್ರೇತಗಳು ರೇಷನ್ ಅಂಗಡಿ ಮುಂದೆ ಕ್ಯೂ ನಿಲ್ತಾವಾ? ಕತ್ತಲಿರುವಾಗಲೇ ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಲ್ಲಿ ಕೂಲಿ ಮಾಡಿ, ಸೆಕ್ಯುರಿಟಿ ಡ್ಯೂಟಿ ಮಾಡಿ, ರಾತ್ರಿ ವಾಪಸ್ ಬರ್ತಾವಾ?

ನಾನು ವೃತ್ತಿಯಲ್ಲಿ ಗುಮಾಸ್ತ, ಅಂಕಿ ಕೂಡಿ ಕಳೆದು ಹೊಟ್ಟೆ ಹೊರೆಯೋನು. ಅದಕ್ಕೇ ಅಂಕಿಯಿಂದಲೇ ಶುರು ಮಾಡ್ತೀನಿ. 1891ರಲ್ಲಿ ಈ ಗಣಿ ಊರಿನ ಜನಸಂಖ್ಯೆ 7,085. 1901ರಲ್ಲಿ 38,204. ಹತ್ತೇ ವರ್ಷದಲ್ಲಿ ಐದು ಪಟ್ಟಿಗೂ ಜಾಸ್ತಿ. ಪಠ್ಯಪುಸ್ತಕ ಏನು ಹೇಳುತ್ತೆ? ಲವೆಲ್ ಅನ್ನೋ ಐರಿಷ್ ಸೈನಿಕ ಬಂದ, ಲೈಸೆನ್ಸ್ ತಗೊಂಡ, 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, ಚಿನ್ನ ಸಿಕ್ತು. ಸಿಕ್ತಂತೆ! ಅದೇನು ಹುಣಸೆ ಮರದ ಕೆಳಗೆ ಬಿದ್ದಿತ್ತಾ? ಆ ಮೂವತ್ತೆಂಟು ಸಾವಿರ ಜನ ಯಾರು ಅಂತ ಒಂದು ಸಾಲು ಬರೆಯೋಕೆ ಶಾಯಿ ಇರಲಿಲ್ಲವಾ?

ಅವರಲ್ಲಿ ಬಹುಪಾಲು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದವರು. ಅದರಲ್ಲೂ ಭೂಮಿ ಒಳಗೆ ಇಳಿದವರಲ್ಲಿ ಹೆಚ್ಚಿನವರು ಪರೈಯರು. ಊರಲ್ಲಿ ಜಮೀನ್ದಾರನ ಜೀತ, ಕೆರೆ ನೀರು ಮುಟ್ಟುವಂತಿಲ್ಲ, ಮೇಲೆ ಬರ. ಅಂಥಲ್ಲಿಂದ ಗಂಟು ಮೂಟೆ ಕಟ್ಟಿ ಬಂದವರಿಗೆ ಬ್ರಿಟಿಷ್ ಕಂಪನಿ ಏನೂ ದೇವರಾಗಿ ಕಾಣಲಿಲ್ಲ. ಆದ್ರೆ ಅಲ್ಲಿ ಕೈಗೆ ದುಡ್ಡು ಬರ್ತಿತ್ತು, ಗೌಡನ ಮುಂದೆ ಚಪ್ಪಲಿ ಬಿಚ್ಚಬೇಕಾಗಿರಲಿಲ್ಲ. ಅಷ್ಟಕ್ಕೋಸ್ಕರ ಪಾತಾಳಕ್ಕೆ ಇಳಿದರು. ಪಾತಾಳ ಅಂತ ಅಲಂಕಾರಕ್ಕೆ ಹೇಳ್ತಿಲ್ಲ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ. ಆ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತೆ. ಒತ್ತಡ ತಾಳದೆ ಬಂಡೆ ತಾನೇ ಸಿಡಿಯೋದಕ್ಕೆ 'ರಾಕ್ ಬರ್ಸ್ಟ್' ಅಂತ ಹೆಸರು. ಅದರಲ್ಲಿ ಉಳಿದುಕೊಂಡವರಿಗೆ ಕಲ್ಲಿನ ಧೂಳು ಶ್ವಾಸಕೋಶಕ್ಕೆ ಕೂತು ಸಿಲಿಕೋಸಿಸ್.

1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ಕರೆಂಟ್ ಕೊಟ್ಟರು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಇದನ್ನ ನಮ್ಮ ಮೈಸೂರಿನ ಹೆಮ್ಮೆ ಅಂತ ಸಾವಿರ ಸಲ ಓದಿದ್ದೀವಿ. ಆ ಕರೆಂಟ್ ಎಳೆದದ್ದು ಗಣಿ ಯಂತ್ರ ಓಡಿಸೋಕೆ ಅನ್ನೋದನ್ನ ಮಾತ್ರ ಮೆಲ್ಲಗೆ ಹೇಳ್ತಾರೆ. ಚಿನ್ನ ಲಂಡನ್‌ಗೆ ಹೋಯ್ತು, ರಾಜಧನ ಮೈಸೂರು ಖಜಾನೆಗೆ ಹೋಯ್ತು. 'ಮಾದರಿ ಸಂಸ್ಥಾನ' ಅಂತ ಹೊಗಳಿಸಿಕೊಂಡ ಖಜಾನೆಯಲ್ಲಿ ಪರೈಯರ ಬೆವರಿನ ಪಾಲೆಷ್ಟು ಅಂತ ಯಾವ ದಸರಾ ಸ್ತಬ್ಧಚಿತ್ರ ತೋರಿಸಿದೆ, ಹೇಳಿ.

ಈಗ ಸಿನಿಮಾ ವಿಷಯ. 2018ರಲ್ಲಿ ಒಂದು ಭಾಗ, 2022ರಲ್ಲಿ ಇನ್ನೊಂದು. ಕೋಟಿ ಕೋಟಿ ಗಳಿಕೆ, ಗಳಿಸಲಿ, ನನಗೇನು ಹೊಟ್ಟೆಕಿಚ್ಚಿಲ್ಲ. ಆದ್ರೆ ಊರಿನ ಹೆಸರು ಇಟ್ಟುಕೊಂಡು ಊರಿನ ಜನರನ್ನ ಏನು ಮಾಡಿದರು? ಮುಖಕ್ಕೆ ಮಸಿ ಬಳಕೊಂಡ ಮೂಕ ಗುಲಾಮರ ಮಂದೆ. ಬಾಂಬೆಯಿಂದ ಒಬ್ಬ ಹೀರೋ ಬಂದು ಸುತ್ತಿಗೆ ಎತ್ತೋವರೆಗೂ ಅವರಿಗೆ ಬಾಯಿಲ್ಲ, ಜಾತಿಯಿಲ್ಲ, ಸಂಘವಿಲ್ಲ. ಕಟ್ಟುಕಥೆ ತಾನೇ ಅಂತೀರಿ. ಸರಿ, ಹಾಗಾದ್ರೆ ನಿಜದ ಕಥೆ ಕೇಳಿ.

1930ರಲ್ಲಿ ಕಂಪನಿ ಪ್ರತಿ ಕೂಲಿಯ ಬೆರಳಚ್ಚು ತಗೊಳ್ಳೋಕೆ ಹೊರಟಾಗ ಸಾವಿರಾರು ಕಾರ್ಮಿಕರು ಗಣಿಗೆ ಇಳಿಯದೆ ಕೂತರು. ನಾವೇನು ಕಳ್ಳರಾ ಅನ್ನೋದು ಪ್ರಶ್ನೆ. 1946ರಲ್ಲಿ ಪೊಲೀಸ್ ಗುಂಡಿಗೆ ಕಾರ್ಮಿಕರು ಪ್ರಾಣ ಕೊಟ್ಟರು. ಇಲ್ಲಿಂದ ಕಮ್ಯುನಿಸ್ಟರು ಗೆದ್ದಿದ್ದಾರೆ. ಬಾಬಾಸಾಹೇಬರ ರಿಪಬ್ಲಿಕನ್ ಪಾರ್ಟಿಯಿಂದ ಸಿ.ಎಂ. ಆರ್ಮುಗಂ, ಆಮೇಲೆ ಎಸ್. ರಾಜೇಂದ್ರನ್ ವಿಧಾನಸಭೆಗೆ ಹೋಗಿದ್ದಾರೆ. ಕರ್ನಾಟಕದಲ್ಲಿ ಆರ್‌ಪಿಐ ಇಷ್ಟು ಬೇರು ಬಿಟ್ಟ ಇನ್ನೊಂದು ಊರು ತೋರಿಸಿ ನೋಡೋಣ.

ಅದಕ್ಕಿಂತ ಹಿಂದಿನದು ಇನ್ನೂ ದೊಡ್ಡದು. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಧಮ್ಮ ದೀಕ್ಷೆ ತಗೊಂಡದ್ದು ನಮಗೆಲ್ಲ ಗೊತ್ತು. ಅದಕ್ಕೂ ನಾಲ್ಕೈದು ದಶಕ ಮೊದಲೇ ಮಾರಿಕುಪ್ಪಂನಲ್ಲಿ, ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕಾರ್ಮಿಕರು ಬುದ್ಧನ ಹೆಸರಲ್ಲಿ ಸಭೆ ಸೇರ್ತಿದ್ದರು. ಅಯೋತಿದಾಸ ಪಂಡಿತರ ಶಾಕ್ಯ ಬೌದ್ಧ ಸಂಘದ ಬಲವಾದ ಶಾಖೆ ಇದ್ದದ್ದು ಇಲ್ಲೇ. ಪಂಡಿತರು 1907ರಲ್ಲಿ ಮದ್ರಾಸಲ್ಲಿ ಶುರು ಮಾಡಿದ 'ತಮಿಳನ್' ಪತ್ರಿಕೆಯನ್ನ ಅವರು ತೀರಿಕೊಂಡ ಮೇಲೆ, 1920ರ ದಶಕದಲ್ಲಿ ಜಿ. ಅಪ್ಪಾದುರೈಯಾರ್ ಕೆಜಿಎಫ್‌ನಿಂದ ಮತ್ತೆ ಹೊರಡಿಸಿದರು. ಹಗಲು ಪಾತಾಳದಲ್ಲಿ ಬಂಡೆ ಕೊರೆದು, ಸಂಜೆ ಮೇಲೆ ಬಂದು ಪತ್ರಿಕೆ ಓದ್ತಿದ್ದ ಜನ ಇವರು. ಇವರಿಗೆ ಬಾಂಬೆ ಹೀರೋ ಬೇಕಾಗಿತ್ತಾ?

ಪಾ. ರಂಜಿತ್ 2024ರಲ್ಲಿ 'ತಂಗಲಾನ್' ಮಾಡಿದಾಗ ಈ ಜನ ಯಾರು ಅಂತ ಪರದೆ ಮೇಲೆ ನೋಡಿದೆವು. ಅದು ತಮಿಳು ಸಿನಿಮಾ. ಕನ್ನಡದಲ್ಲಿ ಯಾಕೆ ಬರಲಿಲ್ಲ ಅಂತ ಕೇಳಿದರೆ ಕೆಲವರ ಉತ್ತರ ರೆಡಿ: 'ಅದು ತಮಿಳರ ಊರು ಬಿಡಿ.' ಚಿನ್ನ ಕರ್ನಾಟಕದ್ದು, ಕರೆಂಟು ಕರ್ನಾಟಕದ್ದು, ಇತಿಹಾಸದ ಹೆಮ್ಮೆ ಕರ್ನಾಟಕದ್ದು, ಜನ ಮಾತ್ರ ಹೊರಗಿನವರು! ಕರ್ನಾಟಕ ಅನ್ನೋ ಹೆಸರು ರಾಜ್ಯಕ್ಕೆ ಬರೋಕೆ ಮುಂಚೆಯೇ ಮೂರು ತಲೆಮಾರು ಆ ಮಣ್ಣೊಳಗೆ ಸತ್ತಿದೆ.

ಈ ಮಾತನ್ನ ಬರೀ ಕನ್ನಡ ಬಾವುಟದವರಿಗೆ ಹೇಳ್ತಿಲ್ಲ, ನಮ್ಮ ಚಳವಳಿಯ ಸಂಗಾತಿಗಳಿಗೂ ಹೇಳ್ತಿದ್ದೀನಿ. ದಲಿತ ಚಳವಳಿಯ ಇತಿಹಾಸ ಅಂದ್ರೆ ಎಪ್ಪತ್ತರ ದಶಕ, ಬೂಸಾ ಗಲಾಟೆ ಅಂತ ಶುರು ಮಾಡ್ತೀವಿ. ಮಾರಿಕುಪ್ಪಂ ಯಾಕೆ ಅದರಲ್ಲಿಲ್ಲ? ತಮಿಳಲ್ಲಿ ಇದ್ದದ್ದಕ್ಕಾ? 2025ರ ಒಳಮೀಸಲಾತಿ ಸಮೀಕ್ಷೆಯಲ್ಲೂ ಅದೇ ಕಥೆ. 'ಆದಿ ದ್ರಾವಿಡ' ಅಂತಷ್ಟೇ ಬರೆಸಿದವರನ್ನ ಎಡಗೈಗೆ ಸೇರಿಸೋದಾ ಬಲಗೈಗೆ ಸೇರಿಸೋದಾ ಅಂತ ನಾವು ನಾವೇ ಕಿತ್ತಾಡಿದೆವು. ಆ ಕಾಲಂನಲ್ಲಿರೋ ಕೆಜಿಎಫ್ ಜನರನ್ನ ಕೂರಿಸಿಕೊಂಡು ಕೇಳಿದವರು ಎಷ್ಟು ಮಂದಿ?

ಇನ್ನು ಗಣಿ 'ನಷ್ಟದಿಂದ' ಮುಚ್ಚಿದ ಮಾತು. 1956ರಲ್ಲಿ ರಾಜ್ಯ ಸರ್ಕಾರ ವಹಿಸಿಕೊಂಡಿತು, 1962ರಲ್ಲಿ ಕೇಂದ್ರ, 1972ರಲ್ಲಿ ಬಿಜಿಎಂಎಲ್ ಆಯ್ತು. ಕೇಂದ್ರ ಬಹುಕಾಲ ಇಲ್ಲಿನ ಚಿನ್ನವನ್ನ ದೇಶದ ಮಾರುಕಟ್ಟೆ ದರಕ್ಕಿಂತ ಕಮ್ಮಿ ಇದ್ದ ಅಂತಾರಾಷ್ಟ್ರೀಯ ದರಕ್ಕೆ ತಗೊಳ್ತಿತ್ತು. ಕಮ್ಮಿ ಬೆಲೆಗೆ ತಗೊಂಡು ಆಮೇಲೆ ನಷ್ಟ ಅಂದ್ರೆ ಅದು ಯಾವ ಸೀಮೆ ಲೆಕ್ಕ? ನಮ್ಮ ಆಫೀಸಲ್ಲಿ ಹಿಂಗೆ ಲೆಕ್ಕ ಬರೆದರೆ ಮೆಮೊ ಕೊಡ್ತಾರೆ. 2001ರಲ್ಲಿ ಬೀಗ ಹಾಕಿದರು. ಚಿನ್ನದ ಬೆಲೆ ಆಮೇಲೆ ಎಲ್ಲಿಗೆ ಹೋಯ್ತು ಅಂತ ಮಗಳ ಮದುವೆ ಮಾಡಿದವರನ್ನ ಕೇಳಿ.

ಮುಚ್ಚಿದ ಮೇಲೆ ಉಳಿದದ್ದು ಲೈನ್ ಮನೆಗಳು. ಆ ಮನೆಗಳ ಹಕ್ಕುಪತ್ರಕ್ಕೆ ಅಲೆದಾಟ ಇನ್ನೂ ಮುಗಿದಿಲ್ಲ. ಮಲ ಬಾಚಿಸೋದನ್ನ 1993ರಲ್ಲೇ ಕಾನೂನು ನಿಷೇಧಿಸಿದ್ದರೂ ಈ ಊರಲ್ಲಿ ಒಣ ಪಾಯಿಖಾನೆಗಳು ಉಳಿದಿದ್ದವು, 2011ರಲ್ಲಿ ಅಂಥ ಕೆಲಸಕ್ಕಿಳಿದ ಮೂವರು ಸತ್ತರು. ಪಾತಾಳದಿಂದ ಮೇಲೆ ಬಂದವರನ್ನ ಗುಂಡಿಗೆ ಇಳಿಸಿದರು. 'ಪ್ರೇತನಗರ'ದ ವಿಡಿಯೊದಲ್ಲಿ ಈ ಗುಂಡಿ ಕಾಣಲ್ಲ, ಡ್ರೋನ್ ಮೇಲಿರುತ್ತಲ್ಲ.

ಇಷ್ಟೆಲ್ಲ ಈಗ ಯಾಕೆ ಅಂದ್ರೆ, ಆ ಸೈನೈಡ್ ಗುಡ್ಡಗಳ ಮೇಲೆ ಮತ್ತೆ ಕಣ್ಣು ಬಿದ್ದಿದೆ. ಸುಮಾರು 1,003 ಎಕರೆಯ 13 ದಿಬ್ಬಗಳಲ್ಲಿ ಉಳಿದಿರೋ ಚಿನ್ನ ತೆಗೆಯೋ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಬಿಡಾಡಿ ಮಣ್ಣಲ್ಲ ಅದು. ಅಜ್ಜ ಮುತ್ತಜ್ಜ ಮೇಲೆ ತಂದು ಹಾಕಿದ ಬಂಡೆಯ ಪುಡಿ. ಆಷಾಢದ ಗಾಳಿಗೆ ಈಗಲೇ ಅನ್ನದ ತಟ್ಟೆಗೆ ಬಂದು ಬೀಳುತ್ತೆ. ಯಂತ್ರ ಹಾಕಿ ಕೆದಕಿದರೆ ಎಷ್ಟು ಏಳುತ್ತೆ? ಕೆಲಸ ಯಾರಿಗೆ, ಕಾಯಂ ಕೆಲಸವಾ ಗುತ್ತಿಗೆಯಾ, ಮೀಸಲಾತಿ ಇರುತ್ತಾ ಇಲ್ಲವಾ?

ಒಂದು ಗುದ್ದಲಿ ಬೀಳೋಕೆ ಮೊದಲು ಊರಿನ ಮಧ್ಯೆ ಶಾಮಿಯಾನ ಹಾಕಿ, ತಮಿಳಲ್ಲೂ ಕನ್ನಡದಲ್ಲೂ ತೆಲುಗಲ್ಲೂ ಬಹಿರಂಗ ಅಹವಾಲು ಸಭೆ ಮಾಡಿ. ಲೈನ್ ಲೈನ್‌ಗೆ ಹೋಗಿ ಮಾಜಿ ಕಾರ್ಮಿಕರ ಎದೆಯ ಎಕ್ಸ್‌ರೇ ತೆಗೆಸಿ, ಸಿಲಿಕೋಸಿಸ್ ಇರೋರ ಪಟ್ಟಿ ಮಾಡಿ, ಪರಿಹಾರ ಕೊಡಿ. ಮನೆಗಳ ಹಕ್ಕುಪತ್ರ ಮೊದಲು, ಟೆಂಡರ್ ಆಮೇಲೆ.

ಶೇರ್ ಮಾಡಿ. ಕೆಜಿಎಫ್‌ನ ಸಂಗಾತಿಗಳು ಕಾಮೆಂಟಲ್ಲಿ ಯಾವ ಭಾಷೆಯಲ್ಲಾದರೂ ಬರೀರಿ.

ಜೈ ಭೀಮ್.