‘ಒಂದು ಮಾತು ಹೇಳಿ, ಎಐ ಎಡಿಟ್ ಮಾಡುತ್ತೆ’: ಈ ಫಾರ್ವರ್ಡ್ ಎಷ್ಟು ನಿಜ?

“ಇನ್ನು ಎಡಿಟರ್ ಬೇಕಿಲ್ಲ. ಮದುವೆ ವಿಡಿಯೋ ಹಾಕಿ, ಒಂದು ಮಾತು ಹೇಳಿ, ಎಐ ಏಜೆಂಟ್ ತಾನೇ ಎಲ್ಲ ಮಾಡುತ್ತದೆ. ಈ ಆ್ಯಪ್ ಹಾಕಿಕೊಳ್ಳಿ.” ಇಂಥ ಧಾಟಿಯ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಲಕ್ಷ್ಮೇಶ್ವರದ ಹತ್ತಿರದ ಅಡರಕಟ್ಟಿಯಂಥ ಊರಿನಲ್ಲಿ ಮದುವೆ ಮುಗಿದ ಮೇಲೆ ವಿಡಿಯೋ ಕೈಸೇರಲು ವಾರಗಟ್ಟಲೆ ಕಾಯುವವರಿಗೆ ಇದನ್ನು ಓದಿ ಆಸೆಯಾಗುವುದು ಸಹಜ.

ಚಿಕ್ಕ ಉತ್ತರ: ಅರ್ಧ ನಿಜ. ಎಡಿಟಿಂಗ್ ಸಾಫ್ಟ್‌ವೇರಿನ ಮೆನುಗಳನ್ನು ಏಜೆಂಟ್ ನಮ್ಮ ಪರವಾಗಿ ಒತ್ತಬಲ್ಲದು. ಯಾವುದನ್ನು ಉಳಿಸಬೇಕು, ಯಾವುದನ್ನು ಕತ್ತರಿಸಬೇಕು ಎಂಬ ತೀರ್ಮಾನ ಮಾತ್ರ ಮನುಷ್ಯರದ್ದೇ. ಆ್ಯಪ್ ಹಾಕಿಕೊಳ್ಳುವ ವಿಷಯ ಕೊನೆಯಲ್ಲಿದೆ, ಅದನ್ನು ಬಿಡದೆ ಓದಿ.

ಏಜೆಂಟ್ ಎಂದರೇನು?

ಚಾಟ್‌ಬಾಟ್ ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಏಜೆಂಟ್ ಒಂದು ಹೆಜ್ಜೆ ಮುಂದೆ ಹೋಗಿ ಕೆಲಸವನ್ನೇ ಮಾಡುತ್ತದೆ. ಒಂದು ಆದೇಶ ಕೊಡುತ್ತದೆ, ಏನಾಯಿತು ಎಂದು ನೋಡುತ್ತದೆ, ಮತ್ತೊಂದು ಆದೇಶ ಕೊಡುತ್ತದೆ. 2024ರ ಅಕ್ಟೋಬರಿನಲ್ಲಿ ಆಂಥ್ರೊಪಿಕ್ ಕಂಪನಿ ಕಂಪ್ಯೂಟರಿನ ಪರದೆ ನೋಡಿ ಮೌಸ್ ಆಡಿಸುವ ಸೌಲಭ್ಯವನ್ನು ಪ್ರಯೋಗಕ್ಕೆ ಬಿಟ್ಟಿತು.

ಇದನ್ನು ಎಐ ಸೃಷ್ಟಿಸುವ ವಿಡಿಯೋ ಜೊತೆ ಬೆರೆಸಬೇಡಿ. 2025ರಲ್ಲಿ ಸುದ್ದಿಯಾದ ಕನ್ನಡದ ‘ಲವ್ ಯೂ’ ಸಿನಿಮಾದಲ್ಲಿ ದೃಶ್ಯಗಳನ್ನೇ ಎಐ ಸೃಷ್ಟಿಸಿತ್ತು. ನಾವಿಲ್ಲಿ ಹೇಳುತ್ತಿರುವುದು ನಿಜವಾಗಿ ಚಿತ್ರೀಕರಿಸಿದ ವಿಡಿಯೋವನ್ನು ಕತ್ತರಿಸಿ ಜೋಡಿಸುವ ಕೆಲಸ.

ಮೆನು ಒತ್ತುವುದು ಹೇಗೆ?

ಇದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು, ಪರದೆಯ ಚಿತ್ರ ನೋಡಿ ಬಟನ್ ಎಲ್ಲಿದೆ ಎಂದು ಅಂದಾಜಿಸಿ ಒತ್ತುವುದು. ಇದು ನಿಧಾನ. ಎಡಿಟಿಂಗ್ ಪರದೆಯ ತುಂಬ ಸಣ್ಣ ಸಣ್ಣ ಬಟನ್‌ಗಳಿರುವುದರಿಂದ ಗುರಿ ತಪ್ಪುವುದೂ ಉಂಟು.

ಎರಡನೆಯದು, ಸಾಫ್ಟ್‌ವೇರ್ ತಾನೇ ಕೊಡುವ ಸ್ಕ್ರಿಪ್ಟ್ ದಾರಿ. ಬ್ಲೆಂಡರ್‌ನಲ್ಲಿ ಪೈಥಾನ್ ಮೂಲಕ, ಡಾವಿಂಚಿ ರಿಸಾಲ್ವ್‌ನಲ್ಲಿ ಪೈಥಾನ್ ಅಥವಾ ಲುವಾ ಮೂಲಕ ಆದೇಶ ಕೊಡಬಹುದು. ಆದರೆ ಎಲ್ಲ ಸಾಫ್ಟ್‌ವೇರಿನಲ್ಲೂ ಈ ಬಾಗಿಲು ಪೂರ್ತಿ ತೆರೆದಿರುವುದಿಲ್ಲ.

ಮೂರನೆಯದು, ಮೆನುವಿನಲ್ಲಿರುವ ಆದೇಶವನ್ನು ಹೆಸರು ಹಿಡಿದು ಕರೆಯುವುದು. ಕಣ್ಣು ಕಾಣದವರಿಗೆ ಕಂಪ್ಯೂಟರ್ ಪರದೆಯನ್ನು ಓದಿ ಹೇಳಲು ವಿಂಡೋಸ್ ಮತ್ತು ಮ್ಯಾಕ್‌ಗಳಲ್ಲಿ ‘ಆಕ್ಸೆಸಿಬಿಲಿಟಿ’ ಎಂಬ ವ್ಯವಸ್ಥೆ ಇದೆ. ಅದಕ್ಕೆ ಯಾವ ಮೆನುವಿನಲ್ಲಿ ಯಾವ ಹೆಸರಿನ ಆದೇಶವಿದೆ ಎಂದು ಗೊತ್ತಿರುತ್ತದೆ. ಏಜೆಂಟ್ ಅದೇ ಪಟ್ಟಿ ಓದಿ, ಬೇಕಾದ ಆದೇಶವನ್ನು ಒತ್ತುತ್ತದೆ. ಭಾಷೆ ಕಲಿತ ಎಐಗೆ ಚಿತ್ರಕ್ಕಿಂತ ಪದಗಳ ಪಟ್ಟಿ ಸುಲಭ. ಏನೇನು ಒತ್ತಿತು ಎಂಬುದನ್ನು ದಾಖಲಿಸಿಟ್ಟು ಆಮೇಲೆ ಪರಿಶೀಲಿಸಲೂಬಹುದು.

ಎಲ್ಲಿ ಎಡವುತ್ತದೆ?

ಮೆನುವಿನಲ್ಲಿ ‘ಕಟ್’ ಎಂದಷ್ಟೇ ಇರುತ್ತದೆ. ಎಲ್ಲಿ ಕಟ್? ಟೈಮ್‌ಲೈನಿನ ಗೆರೆ ಎಲ್ಲಿ ನಿಂತಿದೆಯೋ, ಯಾವ ಕ್ಲಿಪ್ ಆಯ್ಕೆಯಾಗಿದೆಯೋ ಅಲ್ಲಿ. ಗೆರೆ ತಪ್ಪು ಜಾಗದಲ್ಲಿದ್ದರೆ ಸರಿಯಾದ ಆದೇಶವೂ ತಪ್ಪು ಕೆಲಸ ಮಾಡುತ್ತದೆ. ಬಟ್ಟೆ ತೋರಿಸದೆ ದರ್ಜಿಗೆ “ಇಲ್ಲಿ ಕತ್ತರಿಸಪಾ” ಅಂದಂತೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಅಡರಕಟ್ಟಿಯ ಮದುವೆ ವಿಡಿಯೋವೊಂದಕ್ಕೆ “ಮಾತಿಲ್ಲದ ಜಾಗ ತೆಗೆದುಬಿಡು” ಎಂದು ಆದೇಶ ಕೊಟ್ಟಿರಿ ಎಂದುಕೊಳ್ಳಿ. ಸದ್ದಿನ ಮಟ್ಟ ಅಳೆದು ಮೌನವನ್ನು ಹುಡುಕುವುದು ಯಂತ್ರಕ್ಕೆ ಸುಲಭ. ಆದರೆ ಮಗಳನ್ನು ಒಪ್ಪಿಸುವಾಗ ಅವ್ವನ ಗಂಟಲು ಕಟ್ಟಿ ಹಾಡು ಅರ್ಧಕ್ಕೆ ನಿಂತ ಆ ಹತ್ತು ಸೆಕೆಂಡೂ ಅದರ ಲೆಕ್ಕದಲ್ಲಿ ಮೌನವೇ. ಮನೆಯವರು ಮುಂದೆ ವರ್ಷಗಟ್ಟಲೆ ನೋಡಬಯಸುವುದು ಅದನ್ನೇ. ಭಾಷಣದ ವಿಡಿಯೋದಲ್ಲಾದರೆ, ಕತ್ತರಿಸಿದ ಒಂದು ‘ಅಲ್ಲ’ ಮಾತಿನ ಅರ್ಥವನ್ನೇ ತಿರುಗಿಸುತ್ತದೆ. ಆಗ “ಎಐ ಮಾಡಿದ್ದು” ಎಂದು ಜಾರಿಕೊಳ್ಳಲಾಗದು. ಆದೇಶ ಕೊಟ್ಟವರು, ನೋಡದೆ ಹಂಚಿದವರು ನಾವೇ.

ಫೋನಿನಲ್ಲಿ ಯಾಕೆ ಎಚ್ಚರ?

ಆಕ್ಸೆಸಿಬಿಲಿಟಿ ವ್ಯವಸ್ಥೆ ಆಂಡ್ರಾಯ್ಡ್ ಫೋನಿನಲ್ಲೂ ಇದೆ. ಈ ಅನುಮತಿ ಪಡೆದ ಆ್ಯಪ್ ಪರದೆಯಲ್ಲಿರುವುದನ್ನು ಓದಬಲ್ಲದು, ನಿಮ್ಮ ಬದಲು ಬಟನ್ ಒತ್ತಬಲ್ಲದು. ವಿಡಿಯೋ ಆ್ಯಪಿನ ಮೆನು ಒತ್ತುವ ಕೈ ಬ್ಯಾಂಕ್ ಆ್ಯಪಿನ ಬಟನ್ ಮೇಲೂ ಹೋಗಬಹುದು. ಹಣ ಕದಿಯುವ ಹಲವು ಕುತಂತ್ರಾಂಶಗಳು ಇದೇ ಅನುಮತಿಯನ್ನು ದುರುಪಯೋಗ ಮಾಡಿಕೊಂಡಿವೆ. ಮದುವೆ ಕರೆಯೋಲೆಯ ಹೆಸರಿನಲ್ಲಿ ವಾಟ್ಸ್ಆ್ಯಪಿಗೆ ಬರುವ ಎಪಿಕೆ ಫೈಲುಗಳ ಬಗ್ಗೆ 2024ರಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ಎಚ್ಚರಿಸಿದ್ದರು. ‘ಎಐ ಎಡಿಟರ್’ ಎಂಬ ಹೆಸರಿನಲ್ಲಿಯೂ ಅಂಥದ್ದು ಬರಬಹುದು.

ನೀವು ಏನು ಮಾಡಬಹುದು?

• ಫಾರ್ವರ್ಡ್ ಆಗಿ ಬಂದ ಎಪಿಕೆ ಫೈಲ್ ಹಾಕಿಕೊಳ್ಳಬೇಡಿ.
• ವಿಡಿಯೋ ಆ್ಯಪ್ ಆಕ್ಸೆಸಿಬಿಲಿಟಿ ಅನುಮತಿ ಕೇಳಿದರೆ ‘ಬೇಡ’ ಒತ್ತಿ.
• ಮೂಲ ವಿಡಿಯೋವನ್ನು ಬೇರೆ ಕಡೆ ಇಟ್ಟುಕೊಂಡು, ಪ್ರತಿಯ ಮೇಲಷ್ಟೇ ಏಜೆಂಟ್ ಕೆಲಸ ಮಾಡಲಿ.
• ಸ್ಟುಡಿಯೋದವರು ಎಐ ಬಳಸುತ್ತಿದ್ದರೆ, ಕತ್ತರಿಸಬಾರದ ಭಾಗಗಳನ್ನು ಮೊದಲೇ ಹೇಳಿ.
• ಹಂಚುವ ಮುನ್ನ ಪೂರ್ತಿ ನೋಡಿ.
• ಹಣ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಏಜೆಂಟ್ ಬೇಸರದ ಕೆಲಸ ಕಡಿಮೆ ಮಾಡುವುದು ನಿಜ. ಕ್ಲಿಪ್‌ಗಳಿಗೆ ಹೆಸರಿಡುವುದು, ಒಂದೇ ಬದಲಾವಣೆಯನ್ನು ನೂರು ಕಡೆ ಮಾಡುವುದು, ಎಕ್ಸ್‌ಪೋರ್ಟ್‌ಗೆ ಹಾಕುವುದು ಇವೆಲ್ಲ ಅದಕ್ಕೆ ಬಿಡಬಹುದು. ಅವ್ವನ ಮೌನ ಇರಬೇಕೋ ಬೇಡವೋ ಎಂಬುದನ್ನು ಮಾತ್ರ ಮನೆಯವರೇ ಕೂತು ನೋಡಿ ಹೇಳಬೇಕು.